ಸೋತವರಿಗೂ ಒಂದು ಕೊಸರು

ನನ್ನ ಮಗಳ ಹಲ್ಲು ನೆಟ್ಟಗಾಗಲು ತಗುಲಿದ್ದು ಎರಡು ಸಾವಿರದ ಎಂಟುನೂರು ಡಾಲರು, ಅದರ ಮೇಲೆ ನಲವತ್ತು ಗಜ ಕಾರ್ಪೆಟ್ಟು. ಹಲ್ಲಿನ ಡಾಕ್ಟರು ಮೊದಲು ಹೇಳಿದ್ದು ನಾಲ್ಕು ಸಾವಿರದ ಇನ್ನೂರು. ಈ ದೇಶದಲ್ಲಿ ಡಾಕ್ಟರ ಹತ್ತಿರ ಯಾರೂ ಚೌಕಾಸಿ ಮಾಡುವುದಿಲ್ಲವಂತೆ. ಮಾಡಬಾರದೆಂದು ಅಲ್ಲೆಲ್ಲೂ ಬೋರ್ಡು ಹಾಕಿರಲಿಲ್ಲವಲ್ಲ! ಬೆಲೆಯ ಮಾತು ಬಂದಾಗ ನಾನು ಯಾವಾಗಲೂ ನೆಲ ನೋಡುತ್ತೇನೆ, ಎದುರಿನವರ ಮುಖ ನೋಡಿದರೆ ಕರುಣೆ ಬಂದುಬಿಡುತ್ತದೆ. ಅವತ್ತೂ ನೋಡಿದೆ. ಕಾಯುವವರ ಕೋಣೆಯ ಕಾರ್ಪೆಟ್ಟು ಬಾಗಿಲ ಹತ್ತಿರ ಸವೆದು ನಾರುನಾರಾಗಿತ್ತು. ನನಗೋ ನಾವಿರುವ ಬೋಲಿಂಗ್‌ಬ್ರೂಕಿನಲ್ಲಿ ಒಂದು ಅಂಗಡಿ. ದೊಡ್ಡ ಮಳಿಗೆಗಳಲ್ಲಿ ಉಳಿದ ತುಂಡು ಕಾರ್ಪೆಟ್ಟುಗಳನ್ನು ತಂದು ಮಾರುವುದು ಕಸುಬು. ಮುಂದಿನದನ್ನು ನೀವೇ ಊಹಿಸಿಕೊಳ್ಳಿ. ಹನ್ನೆರಡು ವರ್ಷದ ಮೇಘನಾಳ ಬಾಯಿಗೆ ತಂತಿ ಬಿತ್ತು, ಡಾಕ್ಟರ ನೆಲಕ್ಕೆ ಕಾರ್ಪೆಟ್ಟು ಬಿತ್ತು. ಹದಿನೈದಕ್ಕೆ ಅವಳು ನಕ್ಕರೆ ಪೋಣಿಸಿದ ಮಲ್ಲಿಗೆ ಮೊಗ್ಗಿನಂತೆ ಕಾಣುವ ಹಲ್ಲಿನ ಸಾಲು.

ಆ ಸಾಲಿನ ಅಚ್ಚು ಈಗ ನನ್ನ ಗಲ್ಲಾಪೆಟ್ಟಿಗೆಯಲ್ಲಿ, ಚಿಲ್ಲರೆ ನಾಣ್ಯಗಳ ಪಕ್ಕದ ಖಾನೆಯಲ್ಲಿ ಕೂತಿದೆ. ತಿಳಿ ಗುಲಾಬಿ ಬಣ್ಣದ ರಬ್ಬರು, ಒಳಗೆ ಹಲ್ಲಿನ ಗುರುತುಗಳು, ಎಡಗಡೆ ಅಂಚಿನಲ್ಲಿ ಜಗಿದು ಜಗಿದು ಹರಿದ ಒಂದು ಮೂಲೆ. ಚಿಲ್ಲರೆ ಕೊಡಲು ಪೆಟ್ಟಿಗೆ ತೆಗೆದಾಗ ಗಿರಾಕಿಗಳು ಅದನ್ನು ಕಂಡು ಬೆಚ್ಚುತ್ತಾರೆ. ಬೆಚ್ಚಲಿ. ನಾನು ಬೆಚ್ಚಿದ್ದರ ಕಾಲು ಭಾಗವೂ ಅದಲ್ಲ.

ಎರಡು ಸಾವಿರ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿದ್ದ ಕಾಲ. ಮೇಘನಾ ಮಿಶಿಗನ್ನಿನ ಕಾಲೇಜಿನಲ್ಲಿ ಕೊನೆಯ ವರ್ಷ. ಸೆಪ್ಟೆಂಬರ್ ಮೊದಲ ವಾರದ ರಜಕ್ಕೆ ಮನೆಗೆ ಬಂದಿದ್ದಳು. ಬಂದಿದ್ದಳು ಅನ್ನುವುದಕ್ಕಿಂತ ಅವಳ ಕೊಳೆಬಟ್ಟೆ ಬಂದಿತ್ತು, ಜೊತೆಗೆ ಅವಳೂ ಬಂದಿದ್ದಳು ಅಂದರೆ ಸರಿ. ಬೆಳಿಗ್ಗೆ ಮಷೀನಿಗೆ ಹಾಕುವ ಮುಂಚೆ ಜೇಬುಗಳನ್ನು ತಡವಿದೆ. ಒಂದು ಸೋಪಿನ ಡಬ್ಬಿ ಸಿಕ್ಕಿತು. ತೆಗೆದೆ. ಒಳಗೆ ಒಂದು ಇಡೀ ದವಡೆ!

ಇಪ್ಪತ್ತೊಂದನೇ ವಯಸ್ಸಿಗೆ ಕಟ್ಟಿಸಿದ ಹಲ್ಲು! ನಲವತ್ತು ಗಜ ಕಾರ್ಪೆಟ್ಟು ಕಣ್ಣ ಮುಂದೆ ಸುರುಳಿ ಸುತ್ತಿಕೊಂಡು ಹೊರಟುಹೋಯಿತು. ಮಹಡಿ ಹತ್ತಿ, ಮಲಗಿದ್ದವಳ ಮೇಲ್ದುಟಿಯನ್ನು ಎತ್ತಿ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರಂತೆ ನೋಡತೊಡಗಿದೆ.

"ಅಮ್ಮಾ! ವಾಟ್ ಆರ್ ಯೂ ಡೂಯಿಂಗ್?"

"ಬಾಯಿ ಮುಚ್ಚಬೇಡ. ಹಿಂದಿನ ಹಲ್ಲು ನೋಡ್ಬೇಕು."

ಎಲ್ಲ ಹಲ್ಲೂ ಇದ್ದವು. ನಾನೇ ದುಡ್ಡು ಕೊಟ್ಟವು. ಹಾಗಾದರೆ ಈ ಡಬ್ಬಿಯಲ್ಲಿರುವುದು ಯಾರ ಹಲ್ಲು? ನನ್ನ ಕೂಗು ಕೇಳಿ ನಮ್ಮ ಮನೆಯವರು ಬಂದರು. ಬಸವರಾಜು ಗದಗಿನ ಕಡೆಯವರು, ಗೋದಾಮಿನಲ್ಲಿ ಮೇಲ್ವಿಚಾರಕರು, ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಖರ್ಚು ಮಾಡದ ಮನುಷ್ಯ. ಡಬ್ಬಿ ನೋಡಿ ನಕ್ಕರು.

"ಏ ಹುಚ್ಚಿ, ಹಲ್ಲಲ್ಲದು. ಹಲ್ಲು ಮುರೀಬಾರದಂತ ಹಾಕ್ಕೊಳ್ಳೋ ರಬ್ಬರ. ಆಟ ಆಡೂ ಮುಂದ ಹಾಕ್ಕೋತಾಳ ಅಕಿ."

"ಹಲ್ಲು ಮುರಿಯೋ ಅಂಥ ಆಟ ಯಾವುದು ರೀ?"

ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಇಪ್ಪತ್ತು ವರ್ಷ ವ್ಯಾಪಾರ ಮಾಡಿದವಳು. ಇಬ್ಬರು ಗಿರಾಕಿಗಳು ಹಾಗೆ ನೋಡಿಕೊಂಡರೆ ಅವರು ಮೊದಲೇ ಮಾತಾಡಿಕೊಂಡು ಬಂದಿದ್ದಾರೆ ಅಂತಲೇ ಅರ್ಥ.

"ರಗ್ಬಿ, ಅಮ್ಮ," ಅಂದಳು ಮಗಳು. "ಐಯಾಮ್ ದ ಕ್ಯಾಪ್ಟನ್."

ಮೂರು ವರ್ಷದಿಂದ ಆಡುತ್ತಿದ್ದಳಂತೆ. ಎರಡು ವರ್ಷದಿಂದ ಅಪ್ಪನಿಗೆ ಗೊತ್ತಿತ್ತಂತೆ. "ನಿನಗ ಹೇಳಬ್ಯಾಡ ಅಂದಿದ್ಲು, ಹೇಳಲಿಲ್ಲ," ಅಂದರು ಇವರು, ಹಾಲು ತರಲು ಮರೆತದ್ದನ್ನು ಹೇಳುವಷ್ಟೇ ಸಲೀಸಾಗಿ. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮಗಳು ರಗ್ಬಿ ಆಡುತ್ತಿದ್ದದ್ದಕ್ಕಿಂತ, ಈ ಮನುಷ್ಯನ ಹೊಟ್ಟೆಯಲ್ಲಿ ಎರಡು ವರ್ಷ ಒಂದು ಗುಟ್ಟು ಕೂತಿತ್ತಲ್ಲ, ಅದು ನನಗೆ ಹೆಚ್ಚು ಬೆರಗು.

ಅಂದು ತಿಂಡಿಗೆ ಉಪ್ಪಿಟ್ಟು. ಮೇಘನಾ ತಟ್ಟೆಯಲ್ಲೇ ನನಗೆ ಆಟ ಹೇಳಿಕೊಟ್ಟಳು. ಚೆಂಡನ್ನು ಅಪ್ಪಿಕೊಂಡು ಓಡಿ, ಎದುರು ತಂಡದ ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರೆ ಅದಕ್ಕೆ ಟ್ರೈ ಅನ್ನುತ್ತಾರೆ, ಐದು ಪಾಯಿಂಟು. ಆಮೇಲೆ ಎರಡು ಕಂಬಗಳ ನಡುವೆ ಒದ್ದರೆ ಮೇಲೆ ಎರಡು. ಎದುರಿನವರು ತಪ್ಪು ಮಾಡಿದಾಗ ಸಿಗುವ ಪೆನಾಲ್ಟಿಯನ್ನು ಕಂಬಗಳ ನಡುವೆ ಒದ್ದರೆ ಮೂರು. ಇಲ್ಲಿಯತನಕ ನಾನು ಹೂಂ ಅಂದೆ. ಆಮೇಲೆ ಪಂದ್ಯಾವಳಿಯ ಪಟ್ಟಿಯ ಲೆಕ್ಕ ಬಂತು. ಗೆದ್ದ ತಂಡಕ್ಕೆ ನಾಲ್ಕು, ಸಮವಾದರೆ ಇಬ್ಬರಿಗೂ ಎರಡೆರಡು. ಅದಲ್ಲದೆ ಬೋನಸ್ಸು ಅಂತ ಇದೆ. ಒಂದೇ ಆಟದಲ್ಲಿ ನಾಲ್ಕು ಟ್ರೈ ಹೊಡೆದರೆ ಒಂದು, ಅದು ಗೆದ್ದರೂ ಸಿಗುತ್ತದೆ ಸೋತರೂ ಸಿಗುತ್ತದೆ. ಮತ್ತೆ, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ, ಸೋತವರಿಗೂ ಒಂದು.

"ಸೋತವರಿಗೆ ಯಾಕೆ?"

"ಬಿಕಾಸ್ ದೆ ಕೆಪ್ಟ್ ಇಟ್ ಕ್ಲೋಸ್, ಅಮ್ಮ."

"ನಮ್ಮ ಕಬಡ್ಡಿಯೊಳಗೂ ಬೋನಸ್ ಗೆರಿ ಐತಿ," ಅಂದರು ಇವರು. ದಿನದ ಹತ್ತು ಮಾತು ಆಗಲೇ ಮುಗಿದಿತ್ತು, ಇದು ಅವರ ಬೋನಸ್ಸು.

ನಾನು ಚಮಚ ಕೆಳಗಿಟ್ಟೆ. ನನಗೆ ನನ್ನ ಅಜ್ಜಿ ನೆನಪಾದಳು.

ಅಜ್ಜಿ ಮೈಸೂರಿನ ಮಾರುಕಟ್ಟೆಯ ಬಾಗಿಲಲ್ಲಿ ಹೂವು ಮಾರುತ್ತಿದ್ದಳು. ಹೂವು ಕೊಡುತ್ತಿದ್ದದ್ದು ಮೊಳದ ಲೆಕ್ಕದಲ್ಲಿ. ಮೊಳವೆಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ ಅಂತ ಎಲ್ಲರಿಗೂ ಗೊತ್ತು. ಯಾರ ಮೊಣಕೈ ಅಂತ ಎಲ್ಲೂ ಬರೆದಿಲ್ಲ. ಜಾಣ ಗಿರಾಕಿಗಳು ಉದ್ದ ಕೈಯ ನಮ್ಮ ಚಿಕ್ಕಪ್ಪನೇ ಅಳೆಯಲಿ ಅನ್ನುತ್ತಿದ್ದರು. ಅಜ್ಜಿ ಅವನನ್ನು ನೀರು ತರಲು ಕಳಿಸಿ ಒಂಬತ್ತು ವರ್ಷದ ನನ್ನನ್ನು ಕೂರಿಸುತ್ತಿದ್ದಳು. ನನ್ನ ಪುಟ್ಟ ಕೈಯಲ್ಲಿ ಮೊಳ ಬೇಗ ಮುಗಿಯುತ್ತಿತ್ತು. ಗಿರಾಕಿಯ ಮುಖ ಚಿಕ್ಕದಾಗುವಷ್ಟರಲ್ಲಿ ಅಜ್ಜಿ "ತಗೊಳವ್ವ, ಮಗೀನ ಕೈ ಅದು" ಅಂತ ಒಂದು ಗೇಣು ಹೂವನ್ನು ತಾನೇ ಕಿತ್ತು ಮೇಲೆ ಇಡುತ್ತಿದ್ದಳು. ಅದೇ ಕೊಸರು. ಅಳತೆಯಲ್ಲಿ ಹೋದದ್ದು ಮರೆತುಹೋಗುತ್ತಿತ್ತು, ಕೊಸರು ನೆನಪಿರುತ್ತಿತ್ತು. ಒಮ್ಮೆ ಒಬ್ಬಾಕೆ ಬಂದವಳೇ, "ಕೊಸರು ಎಷ್ಟು ಕೊಡ್ತೀಯ, ಮೊದಲು ಅದು ಹೇಳು" ಅಂದಳು. ಅಜ್ಜಿ ಬಿಚ್ಚಿದ್ದ ದಂಡೆಯನ್ನು ಮತ್ತೆ ಸುತ್ತಿ ಬಾಳೆ ಎಲೆ ಮುಚ್ಚಿಬಿಟ್ಟಳು. ಹಬ್ಬದ ಹಿಂದಿನ ದಿನ ಬೇರೆ! ಅಷ್ಟು ದುಡ್ಡು ಕೈಬಿಟ್ಟಳಲ್ಲ ಅಂತ ನನಗೆ ಸಿಟ್ಟು ಬಂದಿತ್ತು.

ಅದಿರಲಿ. ನನ್ನ ಲೆಕ್ಕ ಇಷ್ಟು: ಅಜ್ಜಿ ಯಾವತ್ತೂ ಹೂವು ಕೊಳ್ಳದೆ ಹೋದವಳಿಗೆ ಕೊಸರು ಕೊಟ್ಟಿರಲಿಲ್ಲ. ವ್ಯಾಪಾರವೇ ಕುದುರದವನಿಗೆ ಕೊಸರು ಕೊಡುವ ಆಟವೊಂದು ಈ ಭೂಮಿಯ ಮೇಲಿದೆ ಅನ್ನುವುದನ್ನು ನನ್ನ ತಲೆ ಒಪ್ಪಲೇ ಇಲ್ಲ. ಆಮೇಲೆ ಒಪ್ಪಿತು. ಒಪ್ಪಿದ ಮೇಲೆ ನನಗೆ ಆ ಆಟದ ಮೇಲೆ ಒಂದು ಬಗೆಯ ಪ್ರೀತಿಯೇ ಹುಟ್ಟಿತು. ನೋಡಿ, ಈ ದೇಶದಲ್ಲಿ ಎಲ್ಲದಕ್ಕೂ ಚೀಟಿ ಅಂಟಿಸಿರುತ್ತಾರೆ. ನಿಗದಿ ಬೆಲೆ. ತೊಂಬತ್ತೊಂಬತ್ತು ಸೆಂಟಿಗೆ ಕೊನೆಯಾಗುವ ಬೆಲೆ. ಬಂದ ಹೊಸತರಲ್ಲಿ ನಾನು ಟೊಮೇಟೊ ಹಣ್ಣಿಗೆ ಚೌಕಾಸಿ ಮಾಡಿ ಗಲ್ಲಾದ ಹುಡುಗಿಯನ್ನು ಅಳಿಸಿದ್ದೆ. ಇಂಥ ಊರಲ್ಲಿ ಗೆಲುವಿಗೂ ಸೋಲಿಗೂ ನಡುವೆ ಬೆಲೆ ಇಳಿಸಲು ಏರಿಸಲು ಜಾಗವಿಟ್ಟ ಒಂದು ಆಟ! ಫ್ರಿಜ್ಜಿನ ಮೇಲೆ ಪಟ್ಟಿ ಅಂಟಿಸಿಕೊಂಡೆ. ವಾರವಾರ ಮಗಳಿಗೆ ಫೋನು. "ಊಟ ಆಯ್ತಾ" ಅಂತ ಕೇಳುತ್ತಿದ್ದವಳು "ಎಷ್ಟು ಅಂತರ" ಅಂತ ಕೇಳತೊಡಗಿದೆ. ಅವಳು ನನ್ನ ಹತ್ತಿರ ಅಷ್ಟು ಮಾತಾಡಿದ್ದು ಆ ಎರಡು ತಿಂಗಳಲ್ಲೇ.

ಅಕ್ಟೋಬರ್ ಕೊನೆಗೆ ಪಟ್ಟಿ ಹೀಗೆ ನಿಂತಿತು. ಮೊದಲ ಎರಡು ತಂಡಗಳಿಗೆ ಮಾತ್ರ ಮುಂದಿನ ಸುತ್ತು. ನಮ್ಮದು ಮೂರನೆಯದು, ಎರಡನೆಯದಕ್ಕಿಂತ ಒಂದೇ ಒಂದು ಪಾಯಿಂಟು ಹಿಂದೆ. ಆ ಎರಡನೆಯವರ ಆಟಗಳೆಲ್ಲ ಮುಗಿದಿದ್ದವು; ಅವರನ್ನು ನಾವು ಸೋಲಿಸಿದ್ದರಿಂದ ಸಮವಾದರೆ ನಾವೇ ಮುಂದೆ. ನಮಗೆ ಉಳಿದದ್ದು ಒಂದು ಆಟ, ಅದೂ ಯಾರ ಕೈಯಲ್ಲೂ ಸೋಲದ ಮೊದಲನೇ ತಂಡದ ಮೇಲೆ. ಗೆಲ್ಲುವುದು ಕನಸಿನ ಮಾತು. ಆದರೆ ಬೇಕಾದದ್ದು ಒಂದೇ ಪಾಯಿಂಟು! ನಾಲ್ಕು ಟ್ರೈ ಹೊಡೆಯಲಿ, ಇಲ್ಲವೇ ಏಳರೊಳಗೆ ಸೋಲಲಿ. ಮೇಘನಾಳಿಗೆ ಇದೇ ಕೊನೆಯ ವರ್ಷ. "ಐ ಜಸ್ಟ್ ವಾಂಟ್ ಒನ್ ಮೋರ್ ಗೇಮ್, ಅಮ್ಮ," ಅಂದಿದ್ದಳು ಫೋನಿನಲ್ಲಿ. ಬೊಂಬೆ ಕೇಳುವಾಗಲೂ ಅವಳು ಹಾಗೆ ಕೇಳಿದವಳಲ್ಲ.

ಶನಿವಾರ ಬೆಳಿಗ್ಗೆ ಐದಕ್ಕೆ ಬೋಲಿಂಗ್‌ಬ್ರೂಕ್ ಬಿಟ್ಟೆವು. ವ್ಯಾನಿನ ಹಿಂದೆ ನಾಲ್ಕು ದೊಡ್ಡ ಟ್ರೇ ಚಿತ್ರಾನ್ನ. ರಗ್ಬಿಯಲ್ಲಿ ಒಂದು ಪದ್ಧತಿಯಿದೆ: ಯಾರ ಮೈದಾನವೋ ಆ ತಂಡದವರು ಆಟ ಮುಗಿದ ಮೇಲೆ ಎದುರು ತಂಡಕ್ಕೆ ಊಟ ಹಾಕಬೇಕು. ಎಂಬತ್ತು ನಿಮಿಷ ಒಬ್ಬರನ್ನೊಬ್ಬರು ಕೆಡವಿ ಹಾಕಿ ಆಮೇಲೆ ಒಂದೇ ಬೆಂಚಿನಲ್ಲಿ ಕೂತು ತಿನ್ನುವುದು. ಇದನ್ನು ಕೇಳಿದಾಗಲೂ ನಾನು ಬೆರಗಾಗಿದ್ದೆ. ನಮ್ಮ ಮದುವೆಗಳಲ್ಲಿ ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಇಷ್ಟು ಸುಲಭವಾಗಿ ಕೂತು ಉಂಡದ್ದನ್ನು ನಾನು ಕಂಡಿಲ್ಲ. ನಲವತ್ತು ಜನಕ್ಕೆ ಊಟ, ಹಸಿಮೆಣಸಿನಕಾಯಿ ನಾಲ್ಕೇ ನಾಲ್ಕು.

ನಮ್ಮ ತಂಡದ ಮೈದಾನ ಮಿಶಿಗನ್ನಿನ ಕ್ಯಾಂಟನ್ ಊರಿನ ಪಕ್ಕದಲ್ಲಿತ್ತು. ಸುತ್ತ ಒಂದೇ ಬಣ್ಣದ ಹೊಸ ಮನೆಗಳ ಬಡಾವಣೆ, ಮೇಲೆ ಬೂದು ಆಕಾಶ, ಇಲ್ಲಿನ ಲೆಕ್ಕದಲ್ಲಿ ನಲವತ್ತೊಂದು, ಊರಿನ ಲೆಕ್ಕದಲ್ಲಿ ಐದು ಡಿಗ್ರಿ ಚಳಿ. ನಾನು ಸೀರೆಯ ಮೇಲೆ ಇವರ ಗೋದಾಮಿನ ಜಾಕೆಟ್ಟು ಹಾಕಿಕೊಂಡು, ಫ್ಲಾಸ್ಕಿನಲ್ಲಿ ಚಹಾ ಹಿಡಿದು ಮಡಚುವ ಕುರ್ಚಿಯಲ್ಲಿ ಕೂತೆ. ಹುಡುಗಿಯರು ಮೈದಾನಕ್ಕೆ ಇಳಿದರು. ಚಡ್ಡಿ, ಬನಿಯನ್ನು, ಮೊಣಕಾಲವರೆಗೆ ಕಾಲುಚೀಲ. ತಲೆಗೆ ಏನೂ ಇಲ್ಲ! ಈ ದೇಶದವರ ಫುಟ್‌ಬಾಲಿನಲ್ಲಿ ಹೆಲ್ಮೆಟ್ಟು, ಭುಜಕ್ಕೆ ದಿಂಬು, ಎದೆಗೆ ಹಲಗೆ. ಇಲ್ಲಿ ಬರೀ ಮಾಂಸ ಮೂಳೆ, ಮತ್ತೆ ನಾನು ದುಡ್ಡು ಕೊಟ್ಟ ಹಲ್ಲು.

ಮೊದಲ ಹತ್ತು ನಿಮಿಷ ನಾನು ನೋಡಿದ್ದು ಬೆರಳ ಸಂದಿಯಿಂದ. ಹದಿನಾರು ಹುಡುಗಿಯರು ತಲೆಗೆ ತಲೆ ಕೊಟ್ಟು ಬಗ್ಗಿ, ಬಸ್ಸಿನ ಸೀಟಿನಡಿ ಬಿದ್ದ ಚಿಲ್ಲರೆ ಹುಡುಕುವವರಂತೆ ತಳ್ಳಾಡಿದರು. ಒಬ್ಬಳನ್ನು ಇಬ್ಬರು ಚಡ್ಡಿ ಹಿಡಿದು ಆಕಾಶಕ್ಕೆ ಎತ್ತಿದರು. ಅಷ್ಟರಲ್ಲಿ ಚೆಂಡು ಮೇಘನಾಳ ಕೈಗೆ ಬಂತು. ಮೊಳಕೈಯಷ್ಟೂ ಮಾಂಸವಿಲ್ಲದ ನನ್ನ ಮಗಳ ಸೊಂಟಕ್ಕೆ ಒಂದು ಬೀರುವಿನಷ್ಟು ದೊಡ್ಡ ಹುಡುಗಿ ಬಂದು ಅಪ್ಪಳಿಸಿದಳು. ನಾನು ಎದ್ದು ನಿಂತು ಕಿರುಚಿದೆ.

"ಯಾಕ ಚೀರತಿ? ಕೂಡು," ಅಂದರು ಇವರು. "ಎದ್ಲು ನೋಡು."

ಎದ್ದಿದ್ದಳು. ಕೆಸರು ಒರೆಸಿಕೊಂಡು ಆ ಬೀರುವಿಗೆ ಏನೋ ಹೇಳಿ ನಗುತ್ತಿದ್ದಳು! ಬಾಯಲ್ಲಿ ಗುಲಾಬಿ ರಬ್ಬರು.

ಅರ್ಧ ಆಟ ಮುಗಿದಾಗ ಅವರದು ಹತ್ತೊಂಬತ್ತು, ನಮ್ಮದು ಐದು. ಅಂತರ ಹದಿನಾಲ್ಕು. ನಾನು ಲೆಕ್ಕ ಹಾಕಿದೆ. ಎದುರಿನವರು ಆಗಲೇ ಪಟ್ಟಿಯಲ್ಲಿ ಮೊದಲಿಗರು; ಗೆದ್ದರೂ ಅದೇ ಜಾಗ, ಸೋತರೂ ಅದೇ ಜಾಗ. ಅವರ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಸರಕು ಇದೆ, ನಮಗೆ ಅದರಲ್ಲಿ ಒಂದು ತುಂಡು ಬೇಕು. ಹೇಳಿ, ಇಪ್ಪತ್ತು ವರ್ಷದಿಂದ ಉಳಿದ ತುಂಡುಗಳನ್ನೇ ಮಾತಾಡಿ ತಂದು ಬದುಕಿದ ಹೆಂಗಸು ಕೈಕಟ್ಟಿ ಕೂರುತ್ತಾಳೆಯೇ?

ಫ್ಲಾಸ್ಕು ತೆಗೆದುಕೊಂಡು ಹೊರಟೆ. "ಎಲ್ಲಿ ಹೊಂಟಿ?" ಅಂದರು ಇವರು. "ಚಹಾ ಕೊಟ್ಟು ಬರ್ತೀನಿ," ಅಂದೆ.

ಎದುರು ತಂಡದ ಕೋಚ್ ಎತ್ತರದ, ಬಿಳಿಕೂದಲಿನ ಹೆಂಗಸು. ಮೈದಾನದ ಆಚೆ ಬದಿಯಲ್ಲಿ ಒಬ್ಬರೇ ನಿಂತು ಏನೋ ಬರೆದುಕೊಳ್ಳುತ್ತಿದ್ದರು. ಕಾಗದದ ಲೋಟದಲ್ಲಿ ಚಹಾ ಕೊಟ್ಟೆ. ಸಂತೋಷಪಟ್ಟರು. ನಮ್ಮ ನಡುವಿನ ಇಂಗ್ಲಿಷನ್ನು ಕನ್ನಡದಲ್ಲೇ ಹೇಳಿಬಿಡುತ್ತೇನೆ.

"ನಿಮ್ಮ ಹುಡುಗಿಯರು ಬಲು ಗಟ್ಟಿ," ಅಂದೆ. ಸರಕನ್ನು ಮೊದಲು ಹೊಗಳಬೇಕು. "ಗೆಲುವು ನಿಮ್ಮದೇ. ಅದರಲ್ಲಿ ನಮ್ಮ ತಕರಾರಿಲ್ಲ. ನಾಲ್ಕನೇ ಟ್ರೈ ಕೂಡ ನೀವೇ ಇಟ್ಟುಕೊಳ್ಳಿ, ಅದರ ಬೋನಸ್ಸೂ ನಿಮ್ಮದೇ."

"ಥ್ಯಾಂಕ್ಸ್," ಅಂದರು ಅವರು, ಸ್ವಲ್ಪ ಗಲಿಬಿಲಿಯಾಗಿ.

"ಹದಿನಾಲ್ಕು ಅಂತರದಲ್ಲಿ ಗೆದ್ದರೂ ಐದರಲ್ಲಿ ಗೆದ್ದರೂ ನಿಮಗೆ ಒಂದೇ. ಐದು ಮಾಡಿಕೊಳ್ಳಿ. ನಮ್ಮ ಮಕ್ಕಳಿಗೂ ಒಂದು ಸಿಗುತ್ತದೆ."

ನನಗೆ ಬೇಕಿದ್ದದ್ದು ಏಳು. ಏಳು ಬೇಕಾದವರು ಐದರಿಂದ ಶುರುಮಾಡಬೇಕು, ಇದು ಯಾರಿಗೆ ಗೊತ್ತಿಲ್ಲ!

ಆಕೆ ಮಾತಾಡಲಿಲ್ಲ. ನನ್ನ ಕಸುಬಿನಲ್ಲಿ ಮೌನ ಅಂದರೆ ಎದುರಿನವರು ಮನಸ್ಸಿನಲ್ಲೇ ಬೆಲೆ ಇಳಿಸುತ್ತಿದ್ದಾರೆ ಅಂತ. ನಾನು ನೆಲ ನೋಡುತ್ತಾ ನಿಂತೆ. ಆಗಲೂ ಮಾತಿಲ್ಲ. ಸರಿ, ನಾನೇ ಒಂದು ಮೆಟ್ಟಿಲು ಇಳಿದೆ.

"ಆಯಿತು, ಏಳು. ಕೊನೆಯ ಮಾತು. ಊಟ ನಮ್ಮದೇ."

"ಮೇಡಂ," ಅಂದರು ಆಕೆ ನಿಧಾನವಾಗಿ, "ಪಾಯಿಂಟು ಬಿಟ್ಟುಕೊಡಿ ಅಂತ ನನ್ನನ್ನು ಕೇಳುತ್ತಿದ್ದೀರಾ?"

"ಬಿಟ್ಟುಕೊಡುವುದಲ್ಲ, ಸ್ವಲ್ಪ ಹೊಂದಿಸಿಕೊಳ್ಳುವುದು."

ನೆಲದಿಂದ ಕಣ್ಣೆತ್ತಿದೆ. ಆ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ. ಸಿಟ್ಟಾಗಿದ್ದರೆ ನನಗೆ ಗೊತ್ತು, ಸಿಟ್ಟನ್ನು ಮಾತಾಡಿಸಿ ಇಳಿಸಬಹುದು. ಇದು ಸಿಟ್ಟಲ್ಲ. ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಬಂದವಳನ್ನು ನೋಡುವ ನೋಟ. ಆಕೆ ಒಂದು ಗುಟುಕೂ ಕುಡಿಯದ ಚಹಾವನ್ನು ಹುಲ್ಲಿನ ಮೇಲೆ ಚೆಲ್ಲದಂತೆ ಜೋಪಾನವಾಗಿ ಇಟ್ಟು, ತನ್ನ ತಂಡದ ಕಡೆ ನಡೆದರು. ಹುಡುಗಿಯರು ಸುತ್ತ ಸೇರಿದರು. ಎರಡು ಮಾತು. ಅಷ್ಟೂ ತಲೆಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ಬೀರುವಿನಂಥ ಹುಡುಗಿಯದೂ.

ವಾಪಸ್ಸು ಕುರ್ಚಿಗೆ ಬಂದಾಗ ನನ್ನ ಕಿವಿ ಬಿಸಿಯಾಗಿತ್ತು. "ಏನಾತು?" ಅಂದರು. "ಏನಿಲ್ಲ, ಅವರು ಚಹಾ ಕುಡಿಯಲ್ವಂತೆ," ಅಂದೆ.

ಮುಂದಿನ ಆಟವನ್ನು ಹೇಗೆ ಹೇಳಲಿ! ಅರ್ಧ ನಿದ್ದೆಯಲ್ಲಿ ಗೆಲ್ಲುತ್ತಿದ್ದ ತಂಡ ಈಗ ಬೆಂಕಿ ಬಿದ್ದ ಮನೆಯಿಂದ ಹೊರಬಂದಂತೆ ಓಡತೊಡಗಿತು. ತಮ್ಮ ಮೇಲೆ ಯಾರೂ ಬೆರಳು ತೋರಿಸಬಾರದಲ್ಲ. ಐದೇ ನಿಮಿಷಕ್ಕೆ ನಾಲ್ಕನೇ ಟ್ರೈ, ಮೇಲೆ ಕಿಕ್ಕು: ಇಪ್ಪತ್ತಾರು–ಐದು. ಅಷ್ಟರಲ್ಲಿ ಯಾರಿಗೋ ಕಾಲು ಉಳುಕಿ ಆಟ ನಿಂತಿತು. ಆ ಬೀರು ಮೇಘನಾಳ ಹತ್ತಿರ ಬಂದು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಏನೋ ಹೇಳಿದಳು. ಮೇಘನಾ ಮೈದಾನದ ನಡುವಿನಿಂದ ತಿರುಗಿ ನನ್ನನ್ನು ನೋಡಿದಳು. ಐವತ್ತು ಗಜ ದೂರ. ಗಜದ ಲೆಕ್ಕ ನನಗೆ ಕಣ್ಣಲ್ಲೇ ಬರುತ್ತದೆ. ಅವತ್ತು ಅದು ಮಿಶಿಗನ್ನಿನಿಂದ ಮೈಸೂರಿನಷ್ಟು ದೂರವಿತ್ತು.

ಆಮೇಲೆ ಅವಳು ಆಡಿದ್ದನ್ನು ಆಟ ಅನ್ನಲಾರೆ. ಅವಳೇ ಒಂದು ಟ್ರೈ ಹೊಡೆದಳು, ಅವಳೇ ಒದ್ದಳು: ಹನ್ನೆರಡು. ಇನ್ನೊಬ್ಬಳಿಗೆ ದಾರಿ ಮಾಡಿಕೊಟ್ಟಳು, ಮತ್ತೆ ಅವಳೇ ಒದ್ದಳು: ಹತ್ತೊಂಬತ್ತು. ಇಪ್ಪತ್ತಾರು–ಹತ್ತೊಂಬತ್ತು, ಅಂತರ ಏಳು! ಇವರು ಕುರ್ಚಿ ಬಿಟ್ಟು ಎದ್ದು "ಹೊಡಿ ಮಗಳ!" ಅಂತ ಕೂಗಿದರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನಾನು ಅವರ ಕೂಗು ಕೇಳಿದ್ದು ಅದೇ ಮೊದಲು. ಆದರೆ ಎದುರಿನವರು ಒಂದು ಪೆನಾಲ್ಟಿ ಒದ್ದು ಮೂರು ಸೇರಿಸಿಬಿಟ್ಟರು. ಇಪ್ಪತ್ತೊಂಬತ್ತು–ಹತ್ತೊಂಬತ್ತು. ಅಂತರ ಹತ್ತು.

ಕೊನೆಯ ನಿಮಿಷ. ಎದುರಿನವಳೊಬ್ಬಳು ಕೆಳಗೆ ಬಿದ್ದವಳು ಚೆಂಡು ಬಿಡಲಿಲ್ಲ, ಅದು ತಪ್ಪು, ರೆಫರಿ ಸೀಟಿ ಊದಿದರು. ನಮಗೆ ಪೆನಾಲ್ಟಿ. ಎಲ್ಲಿ? ಕಂಬಗಳಿಗೆ ನೇರ ಎದುರಿಗೆ, ಇಪ್ಪತ್ತು ಗಜ ದೂರದಲ್ಲಿ! ಮೇಘನಾ ಅದನ್ನು ಕಣ್ಣು ಮುಚ್ಚಿಕೊಂಡು ಒದೆಯಬಲ್ಲಳು. ಮೂರು ಬಂದರೆ ಇಪ್ಪತ್ತೆರಡು. ಅಂತರ ಏಳು. ಸೋಲು, ಒಂದು ಕೊಸರು, ಮುಂದಿನ ಸುತ್ತು, ಇನ್ನೊಂದು ಆಟ. ಎಲ್ಲವೂ ಆ ಇಪ್ಪತ್ತು ಗಜದಲ್ಲಿ.

"ಒದಿ ಮೇಘನಾ! ಮೂರು ಸಾಕು! ಮೂರು ಸಾಕು ಕಣೇ!" ನಾನು ಗೆರೆಯ ತನಕ ಓಡಿದ್ದೆ.

ಅವಳು ಚೆಂಡನ್ನು ಕೈಯಲ್ಲಿ ಹಿಡಿದು ಕಂಬ ನೋಡಿದಳು. ತನ್ನ ತಂಡವನ್ನು ನೋಡಿದಳು. ಏನೋ ಅಂದಳು, ಹುಡುಗಿಯರು ತಲೆಯಾಡಿಸಿದರು. ಆಮೇಲೆ ಒದ್ದ ಶಾಸ್ತ್ರಕ್ಕೆ ಚೆಂಡನ್ನು ಕಾಲ ತುದಿಗೆ ಸುಮ್ಮನೆ ಮುಟ್ಟಿಸಿ, ಎದೆಗೆ ಅಪ್ಪಿಕೊಂಡು, ಎದುರಿದ್ದ ಹದಿನೈದು ಹುಡುಗಿಯರ ಗೋಡೆಗೆ ನುಗ್ಗಿದಳು.

ನಾನು ತಲೆಯ ಮೇಲೆ ಕೈಹೊತ್ತೆ. ಕೈಗೆ ಬಂದ ತುತ್ತನ್ನು ಬಿಟ್ಟು ಯಾರಾದರೂ ಹೊಲಕ್ಕೆ ಓಡುತ್ತಾರೆಯೇ? ನಾಲ್ಕನೇ ಟ್ರೈ ಆದರೆ ಬೋನಸ್ಸು ಸಿಗುತ್ತದೆ, ನಿಜ. ಆಗಬೇಕಲ್ಲ! ಬೀಳುವುದು, ಏಳುವುದು, ತಳ್ಳುವುದು, ಒಂದೊಂದು ಗಜ. ನಮ್ಮ ಹುಡುಗಿಯರೆಲ್ಲ ಅವಳ ಬೆನ್ನಿಗೆ ಬಿದ್ದು ತಳ್ಳಿದರು. ಅಷ್ಟೂ ಜನ ಒಂದು ಗುಡ್ಡೆಯಾಗಿ ಗೆರೆಯಾಚೆ ಉರುಳಿದರು. ರೆಫರಿ ಬಗ್ಗಿ, ಮಲಗಿ, ಕಾಲುಗಳ ನಡುವೆ ಇಣುಕಿ ನೋಡಿದರು. ಚೆಂಡು ನೆಲ ಮುಟ್ಟಿರಲಿಲ್ಲ. ಚೆಂಡಿನ ಕೆಳಗೆ ಆ ಬೀರುವಿನ ಕೈಯಿತ್ತು. ಮೊಳವಲ್ಲ, ಗೇಣಲ್ಲ. ಒಂದು ಅಂಗೈ ದಪ್ಪ.

ಸೀಟಿ ಉದ್ದವಾಗಿ ಕೂಗಿತು. ಹತ್ತು ಅಂತರದ ಸೋಲು. ಒಂದು ಪಾಯಿಂಟೂ ಇಲ್ಲ.

ಊಟಕ್ಕೆ ಪಾರ್ಕಿನ ಮಾಡಿನ ಕೆಳಗೆ ಸೇರಿದರು. ನಾನು ಬಡಿಸಲೇಬೇಕಲ್ಲ. ಕಣ್ಣು ತಟ್ಟೆಗಳ ಮೇಲೆ ಇಟ್ಟುಕೊಂಡು ಬಡಿಸಿದೆ. ನಮ್ಮ ಹುಡುಗಿಯರ ಕಣ್ಣು ಕೆಂಪಗಿತ್ತು. ಆದರೂ ಎದುರಿನವರ ಪಕ್ಕದಲ್ಲೇ ಕೂತು ತಿನ್ನುತ್ತಿದ್ದರು. ಬಿಳಿಕೂದಲಿನ ಕೋಚ್ ತಟ್ಟೆ ಹಿಡಿದು ಸಾಲಿನಲ್ಲಿ ಬಂದರು.

"ಇದಕ್ಕೆ ಏನೂ ಷರತ್ತಿಲ್ಲ ತಾನೆ?" ಅಂದರು.

ಅವರ ತಟ್ಟೆಗೆ ಸಿಕ್ಕಾಪಟ್ಟೆ ಬಡಿಸಿಬಿಟ್ಟೆ. ಆಕೆ ಅಲ್ಲೇ ನಿಂತು ಒಂದು ತುತ್ತು ತಿಂದರು, ಕಡಲೆಬೀಜ ಅಗಿದರು.

"ಆ ಮೂರು ಪಾಯಿಂಟು ನಿಮ್ಮ ಮಗಳ ಕೈಯಲ್ಲಿತ್ತು. ಯಾಕೆ ತೆಗೆದುಕೊಳ್ಳಲಿಲ್ಲ ಗೊತ್ತೇ?"

"ಹುಡುಗು ಬುದ್ಧಿ," ಅಂದೆ.

"ಅಲ್ಲ," ಅಂದರು ಆಕೆ. ಇನ್ನೊಂದು ಚಮಚ ಹಾಕಿಸಿಕೊಂಡು ಹೋದರು.

ಖಾಲಿ ಟ್ರೇಗಳನ್ನು ವ್ಯಾನಿಗೆ ತುಂಬುವಾಗ ಮೇಘನಾ ಬಂದಳು. ಕಿವಿಯವರೆಗೆ ಕೆಸರು, ಕೆನ್ನೆಯ ಮೇಲೆ ಒಂದು ಗೀರು. ಇವರು ಅವಳ ತಲೆ ಸವರಿ, "ಛಲೋ ಆಡಿದಿ," ಅಂದು ಆಚೆ ಸರಿದರು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ.

"ಒದ್ದಿದ್ರೆ ಏನಾಗ್ತಿತ್ತೇ? ಏಳಕ್ಕೆ ಸೋತು ಮುಂದೆ ಹೋಗ್ತಿದ್ರಲ್ಲ!"

"ಸೆವೆನ್, ಅಮ್ಮ." ಹಲ್ಲಿನ ರಬ್ಬರು ಇನ್ನೂ ಬಾಯಲ್ಲೇ ಇತ್ತು, ಮಾತು ತೊದಲುತ್ತಿತ್ತು. "ಎಕ್ಸಾಕ್ಟ್ಲಿ ಸೆವೆನ್. ನೀನು ಕೇಳಿದ್ದು. ಅವ್ರೇ ಕೊಟ್ರು ಅಂತಿದ್ರು ಎಲ್ಲಾ. ಐ ಕುಡಂಟ್ ಟೇಕ್ ಇಟ್."

ಟ್ರೇ ನನ್ನ ಕೈಯಲ್ಲೇ ಉಳಿಯಿತು. ಅಜ್ಜಿಯ ಬಾಳೆ ಎಲೆ ನೆನಪಾಯಿತು. ಹಬ್ಬದ ಹಿಂದಿನ ದಿನ, ಬಿಚ್ಚಿದ ದಂಡೆಯನ್ನು ಮತ್ತೆ ಸುತ್ತಿ ಮುಚ್ಚಿಟ್ಟ ಆ ಕೈ. ಕೊಸರು ಕೊಡುವವರ ಕೈಯಿಂದ ತಾನಾಗಿ ಬೀಳಬೇಕು, ಕೇಳಿ ಪಡೆದದ್ದು ಕೊಸರಲ್ಲ ಅಂತ ಆ ಹೆಬ್ಬೆಟ್ಟಿನ ಹೆಂಗಸಿಗೆ ಗೊತ್ತಿತ್ತು. ಬೋಲಿಂಗ್‌ಬ್ರೂಕಿನಲ್ಲಿ ಹುಟ್ಟಿದ ಅವಳ ಮರಿಮಗಳಿಗೆ ಗೊತ್ತಿತ್ತು. ನಡುವೆ ನಾನೊಬ್ಬಳು ಅಳತೆ ತಪ್ಪಿದ್ದೆ. ಮಗಳು ಬಯಸಿದ್ದ ಇನ್ನೊಂದು ಆಟವನ್ನು, ನಾನೇ ಹೋಗಿ ಮಾರಿ ಬಂದಿದ್ದೆ.

"ತಪ್ಪಾಯ್ತು ಕಣೇ," ಅಂದೆ. ಆ ಮಾತನ್ನು ನಾನು ಯಾವ ಗಿರಾಕಿಗೂ ಹೇಳಿದವಳಲ್ಲ.

ಅವಳು ಬಾಯಲ್ಲಿದ್ದದ್ದನ್ನು ಉಗುಳಲು ಮುಖ ಬಗ್ಗಿಸಿದಳು. ನನ್ನ ಬಲಗೈ ನನ್ನನ್ನು ಕೇಳದೆ ಅವಳ ಗಲ್ಲದ ಕೆಳಗೆ ಹೋಗಿತ್ತು. ಎರಡು ವರ್ಷದವಳಿದ್ದಾಗ ಕಿತ್ತಳೆ ಬೀಜ ಉಗುಳಿಸಿಕೊಳ್ಳಲು ಹೋಗುತ್ತಿದ್ದ ಹಾಗೆಯೇ. ಅವಳು ಒಂದು ಗಳಿಗೆ ಆ ಅಂಗೈ ನೋಡಿದಳು. ಆಮೇಲೆ ಬೆಚ್ಚಗಿನ, ಜೊಲ್ಲು ತುಂಬಿದ, ಕೆಸರು ಮೆತ್ತಿದ ಆ ಗುಲಾಬಿ ದವಡೆಯನ್ನು ಅದರಲ್ಲಿ ಉಗುಳಿ, "ಚಿತ್ರಾನ್ನ ಉಳಿದಿದ್ಯಾ?" ಅಂದಳು.

ಉಳಿದಿತ್ತು. ಅವಳಿಗೆಂದೇ ತಳದಲ್ಲಿ ಒಂದಷ್ಟು ಎತ್ತಿಟ್ಟಿದ್ದೆ.

ಈಗ ನಿಮಗೆ ನಾಲ್ಕು ಮಾತು. ದುಡ್ಡಿಲ್ಲದೆ ಹೇಳುತ್ತಿದ್ದೇನೆ, ಕೇಳಿಸಿಕೊಳ್ಳಿ. ಹಲ್ಲಿನ ಡಾಕ್ಟರ ಹತ್ತಿರ ಚೌಕಾಸಿ ಮಾಡಿ, ಕಾರು ಮಾರುವವನ ಹತ್ತಿರ ತಪ್ಪದೆ ಮಾಡಿ, ಅವನು ಹೇಳಿದ ಬೆಲೆಯ ಅರ್ಧದಿಂದ ಶುರುಮಾಡಿ. ಮಕ್ಕಳ ಜೇಬಿನಲ್ಲಿ ಡಬ್ಬಿ ಸಿಕ್ಕಿದರೆ ಕೂಗುವ ಮುಂಚೆ ಗಂಡನನ್ನು ಕೇಳಿ, ಅವರಿಗೆ ಎರಡು ವರ್ಷದ ಹಿಂದೆಯೇ ಗೊತ್ತಿರುತ್ತದೆ. ಮಕ್ಕಳ ಆಟಕ್ಕೆ ಹೋಗುವುದಾದರೆ ಮಡಚುವ ಕುರ್ಚಿ, ಫ್ಲಾಸ್ಕು, ಎರಡು ಜೊತೆ ಕಾಲುಚೀಲ ಒಯ್ಯಿರಿ. ಚಿತ್ರಾನ್ನಕ್ಕೆ ಮೆಣಸಿನಕಾಯಿ ನಾಲ್ಕು ಸಾಲದು, ಆ ಹುಡುಗಿಯರು ಖಾರ ಕೇಳಿ ಹಾಕಿಸಿಕೊಂಡರು, ಹತ್ತು ಹಾಕಿ. ಅರ್ಧ ಆಟ ಮುಗಿದಾಗ ಚಹಾವನ್ನು ನಿಮ್ಮ ಬದಿಯಲ್ಲೇ ಕುಡಿಯಿರಿ. ಕೂಗಬೇಕೆನಿಸಿದರೆ ಕೂಗಿ, ಲೆಕ್ಕ ಮಾತ್ರ ಕೂಗಬೇಡಿ. ಮತ್ತೆ ಆಟ ಮುಗಿಯುವ ಹೊತ್ತಿಗೆ ಎರಡೂ ಕೈಯಲ್ಲಿ ಸಾಮಾನು ಹಿಡಿದುಕೊಳ್ಳಬೇಡಿ. ಒಂದು ಕೈ ಖಾಲಿ ಇರಲಿ, ಬೇಕಾಗುತ್ತದೆ.